ಕಡೂರಿನ ಗಸಿ ತೊಟ್ಟಿ

ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ಅಜ್ಜಂಪುರದ ನಮ್ಮ ಬೀದಿಯಲ್ಲಿ ಎರಡು ಸುದ್ದಿ ಜೊತೆಜೊತೆಗೇ ಹರಡಿದವು. ಹುಡುಗಿ ಎಂಜಿನಿಯರ್ ಆದಳಂತೆ ಎನ್ನುವುದು ಒಂದು. ಕಡೂರಿನಲ್ಲಿ ಚರಂಡಿ ನೀರಿನ ಕೆಲಸವಂತೆ ಎನ್ನುವುದು ಇನ್ನೊಂದು. ಅಪ್ಪನದು ಜವಳಿ ಅಂಗಡಿ. ಮಗಳಿಗೆ ಸರ್ಕಾರಿ ಕೆಲಸ ಸಿಕ್ಕಿತು ಎಂದು ಅಂಗಡಿಗೆ ಬಂದವರಿಗೆಲ್ಲ ತಾವಾಗಿಯೇ ಹೇಳುತ್ತಿದ್ದರು. ಯಾವ ಕೆಲಸ ಎಂದು ಯಾರಾದರೂ ಕೇಳಿದರೆ ಮಾತ್ರ ಅಳತೆಕೋಲು ಎತ್ತಿಕೊಂಡು ಬಟ್ಟೆ ಅಳೆಯಲು ತೊಡಗುತ್ತಿದ್ದರು.

ಅವ್ವನಿಗೆ ಹಾಗೆ ಮುಚ್ಚಿಕೊಳ್ಳಲು ಬರುತ್ತಿರಲಿಲ್ಲ.

“ಡ್ಯಾಮ್ ಕಟ್ತೀನಿ, ಸೇತುವೆ ಕಟ್ತೀನಿ ಅಂತ ಓದಿದೆ. ಈಗ ಊರೋರ ಮೋರಿ ನೀರು ಕಾಯೋಕೆ ಹೋಗ್ತೀಯೇನೇ? ನಾಳೆ ನಿನ್ನ ಯಾರು ಮಾಡ್ಕೋತಾರೆ?”

ಅವ್ವ ಹೇಳಿದ್ದು ಸುಳ್ಳಲ್ಲ. ಶಾಲೆಯಿಂದ ಒಮ್ಮೆ ಲಕ್ಕವಳ್ಳಿಗೆ ಕರೆದುಕೊಂಡು ಹೋಗಿದ್ದರು. ಅಣೆಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದಾಗ ಹುಟ್ಟಿದ ಬೆರಗೇ ನನ್ನನ್ನು ಪಾಲಿಟೆಕ್ನಿಕ್ಕಿನವರೆಗೆ ತಳ್ಳಿಕೊಂಡು ಬಂದಿತ್ತು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಕೆಲಸದ ಆದೇಶ ಬಂದಾಗ ನನಗೂ ಮುಖ ಸಪ್ಪಗಾಯಿತು. ಆದರೂ ಕಡೂರಿನಲ್ಲಿ ದೊಡ್ಡವ್ವನ ಮನೆಯಿತ್ತು, ಇರಲು ತೊಂದರೆಯಿರಲಿಲ್ಲ. ಹೋದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹತ್ತಿರದ ದೊಡ್ಡ ಊರೊಂದಕ್ಕೆ ಒಳಚರಂಡಿ ಮಾಡಿ, ಕೊಳಚೆ ನೀರನ್ನು ಶುದ್ಧಮಾಡಿ ಬಿಡುವ ಯೋಜನೆ ಕಾಗದದ ಮೇಲಿತ್ತು. ಅದಕ್ಕೆ ಮೊದಲು ಚಿಕ್ಕದಾಗಿ ಒಂದು ಕಡೆ ಮಾಡಿ ನೋಡಬೇಕು ಎಂದು ಹಟ ಹಿಡಿದವರು ನನ್ನ ಮೇಲಿನ ಎಂಜಿನಿಯರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ತರೀಕೆರೆ ಕಡೆಯವರು. ಕುಳ್ಳಗಿನ ಆಳು, ಅರ್ಧ ತೋಳಿನ ಬಿಳಿ ಅಂಗಿ, ಮಳೆಗಾಲವಿರಲಿ ಬೇಸಿಗೆಯಿರಲಿ ಕೈಯಲ್ಲೊಂದು ಕೊಡೆ. ಕಚೇರಿಯ ಬೇರೆ ಶಾಖೆಗಳವರು ಬೆನ್ನ ಹಿಂದೆ ಅವರನ್ನು ಕಕ್ಕಸು ಎಂಜಿನಿಯರ್ ಎಂದು ನಗುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಒಮ್ಮೆ ಹೊಸಬರೊಬ್ಬರಿಗೆ ತಮ್ಮ ಪರಿಚಯವನ್ನು ಆ ಹೆಸರಿನಲ್ಲೇ ಹೇಳಿಕೊಂಡು, ನಗುತ್ತಿದ್ದವರನ್ನೇ ತಬ್ಬಿಬ್ಬು ಮಾಡಿದ್ದರು.

ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ಊರಾಚೆಗೆ ನಡೆಸಿಕೊಂಡು ಹೋದರು. ಊರಿನ ಒಂದು ಭಾಗದ ಚರಂಡಿಗಳೆಲ್ಲ ಸೇರಿ ದೊಡ್ಡ ಮೋರಿಯಾಗಿ ಹಳ್ಳಕ್ಕೆ ಬೀಳುವ ಜಾಗ ಅದು. ನಾನು ಸೆರಗು ಮೂಗಿಗೆ ಒತ್ತಿ ಹಿಡಿದುಕೊಂಡೆ. ಅವರು ಬಾಯಿಗೊಂದು ಲವಂಗ ಹಾಕಿಕೊಂಡು ನನಗೂ ಒಂದು ಕೊಟ್ಟರು. ಮೋರಿಯಲ್ಲಿ ಸಿಕ್ಕಿಕೊಂಡ ತೆಂಗಿನ ನಾರನ್ನು ಇಬ್ಬರು ಪೌರ ಕಾರ್ಮಿಕರು ಎಳೆಯುತ್ತಿದ್ದರು. ಅವರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಸಾಹೇಬರು ನೀರನ್ನು ನೋಡತೊಡಗಿದರು. ಹಿಂದಿರುಗುವಾಗ ನಾನೇ ಕೇಳಿದೆ.

“ಸಾರ್, ನಿಮಗೆ ವಾಸನೆ ಬರಲ್ವಾ?”

“ಬರ್ತದಮ್ಮಾ, ಯಾಕ್ ಬರಲ್ಲ? ಅವರು ಮೂಗು ಮುಚ್ಚದೆ ಕೆಲಸ ಮಾಡ್ತಾ ಇರ್ತಾರೆ, ನಾನು ಎದುರಿಗೆ ಕರ್ಚೀಫ್ ಹಿಡ್ಕಂಡು ನಿಂತ್ರೆ ಚೆಂದಾಗಿರ್ತದಾ? ಲವಂಗ ಯಾರಿಗೂ ಕಾಣಲ್ಲ.”

ಮರುದಿನದಿಂದ ನಾನೂ ಸೊಂಟದ ಚೀಲದಲ್ಲಿ ಲವಂಗ ಇಟ್ಟುಕೊಂಡೆ.

ನಾವು ಮಾಡಬೇಕಿದ್ದ ಕೆಲಸ ಹೇಳುವುದಕ್ಕೆ ಬಹಳ ಸರಳ. ಕೊಳಚೆ ನೀರು ದೊಡ್ಡದೊಂದು ತೊಟ್ಟಿಯೊಳಗೆ ಬಂದು, ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಬೇಕು. ಸಾಗುವಷ್ಟರಲ್ಲಿ ಅದರೊಳಗಿನ ಗಸಿ ತಳಕ್ಕೆ ಕೂರಬೇಕು. ಮೇಲಿನ ನೀರು ತಕ್ಕಮಟ್ಟಿಗೆ ತಿಳಿಯಾಗಿ ಆಚೆ ಹೋಗಬೇಕು. ಇಂಗ್ಲಿಷಿನಲ್ಲಿ ಸೆಟ್ಲಿಂಗ್ ಟ್ಯಾಂಕ್. ನಮ್ಮ ಕೂಲಿಯವರ ಬಾಯಲ್ಲಿ ಅದು ಗಸಿ ತೊಟ್ಟಿ. ತೊಟ್ಟಿ ಎಷ್ಟು ಉದ್ದ, ಎಷ್ಟು ಆಳ, ನೀರು ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದೆಲ್ಲ ಪುಸ್ತಕದಲ್ಲಿತ್ತು. ಆದರೆ ಆ ಪುಸ್ತಕ ಬರೆದವರ ಊರುಗಳಲ್ಲಿ ಪಾತ್ರೆಯನ್ನು ಬೂದಿ, ಮಣ್ಣು ಹಾಕಿ ತಿಕ್ಕುತ್ತಿರಲಿಲ್ಲ. ಸಗಣಿ ಸಾರಿಸಿದ ಅಂಗಳದ ನೀರು, ಸೀಗೆಪುಡಿಯ ನೀರು, ತೆಂಗಿನ ನಾರು, ರಂಗೋಲಿ ಪುಡಿ ಅವರ ಚರಂಡಿಗೆ ಬರುತ್ತಿರಲಿಲ್ಲ.

“ಅವರ ಕೊಳೆ ಬೇರೆ, ನಮ್ಮ ಕೊಳೆ ಬೇರೆ ಕಣಮ್ಮಾ. ನಮ್ಮದನ್ನು ನಾವೇ ನೋಡಿ ತಿಳ್ಕೋಬೇಕು,” ಎನ್ನುತ್ತಿದ್ದರು ಸಾಹೇಬರು.

ಹಳ್ಳದ ದಂಡೆಯ ಇಳಿಜಾರಿನಲ್ಲಿ ಸೈಜುಗಲ್ಲಿನ ಉದ್ದನೆಯ ತೊಟ್ಟಿ ಎದ್ದಿತು. ಅದು ಪುಸ್ತಕದಲ್ಲಿದ್ದಂತೆಯೇ ಇತ್ತು: ಈ ತುದಿಯಲ್ಲಿ ನೀರು ಬರುವ ಕೊಳವೆ, ಆ ತುದಿಯಲ್ಲಿ ಅಂಚು ದಾಟಿ ಹೊರಗೆ ಬೀಳುವ ಕಾಲುವೆ, ಚಪ್ಪಟೆ ತಳ. ನೀರು ಬಿಟ್ಟ ಮೇಲೆ ಕೆಲವು ದಿನ ಎಲ್ಲ ಚೆನ್ನಾಗಿಯೇ ಕಂಡಿತು. ಆದರೆ ಆಚೆ ಬೀಳುವ ನೀರು, ಒಳಗೆ ಬರುವ ನೀರಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ.

ಒಂದು ಸೋಮವಾರ ಸಾಹೇಬರು ತರೀಕೆರೆಯಿಂದ ಬರುವಾಗ ರೈಲಿನಲ್ಲಿ ಒಂದು ಕ್ಯಾನು ಹೊತ್ತುಕೊಂಡು ಬಂದರು. ಅದರಲ್ಲಿ ಚೊಗರಿತ್ತು. ಅಡಿಕೆ ಬೇಯಿಸಿದ ನೀರನ್ನು ಮತ್ತೆ ಮತ್ತೆ ಕುದಿಸಿ ತೆಗೆಯುವ ಕೆಂಪು ಬಣ್ಣ ಅದು. ಅಡಿಕೆಗೆ ಹೊಳಪು ಕೊಡಲು ಬಳಸುತ್ತಾರೆ. ಅದನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಕೊಳವೆಯ ಬಾಯಲ್ಲಿ ಸುರಿಸಿದರು.

“ಈ ಕೆಂಪು ಆ ತುದೀಲಿ ಯಾವಾಗ ಕಾಣ್ತದೋ ನೋಡೋಣ. ನಮ್ಮ ಲೆಕ್ಕ ಸರಿಯಿದ್ರೆ ಊಟದ ಹೊತ್ತಾಗ್ಬೇಕು.”

ಮೇಸ್ತ್ರಿಯನ್ನು ಆ ತುದಿಯಲ್ಲಿ ನಿಲ್ಲಿಸಿ, ನಾವು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕಲ್ಲಿನ ಮೇಲೆ ಕೂತೆವು. ಲೋಟ ಇನ್ನೂ ಅರ್ಧವಾಗಿರಲಿಲ್ಲ, ಮೇಸ್ತ್ರಿ ಕೂಗಿದ.

“ಸಾರ್, ಕೆಂಪು ಬಂದೇಬಿಡ್ತು ಕಣ್ರೀ!”

ಓಡಿ ಹೋಗಿ ನೋಡಿದೆವು. ಕೊಳವೆಯಿಂದ ನುಗ್ಗಿದ ನೀರು ಅಕ್ಕಪಕ್ಕ ಎಲ್ಲೂ ಹರಡದೆ ನಡುವೆ ಒಂದು ದಾರಿ ಮಾಡಿಕೊಂಡು ನೆಟ್ಟಗೆ ಆ ತುದಿಗೆ ಹೊರಟುಹೋಗಿತ್ತು. ಎರಡೂ ಬದಿಯಲ್ಲಿ ನೀರು ಸುಮ್ಮನೆ ಮಲಗಿತ್ತು. ಅಷ್ಟು ದೊಡ್ಡ ತೊಟ್ಟಿ ಕಟ್ಟಿ, ಅದರಲ್ಲೊಂದು ಓಣಿಯಷ್ಟನ್ನು ಮಾತ್ರ ನೀರು ಬಳಸಿಕೊಳ್ಳುತ್ತಿತ್ತು. ನನಗೆ ಅಳು ಬಂದಂತಾಯಿತು. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತು ಕಟ್ಟಿಸಿದವಳು ನಾನು. ಸಾಹೇಬರ ಮುಖ ನೋಡಿದರೆ ಅವರು ನಗುತ್ತಿದ್ದರು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆಯನ್ನೂ ತಟ್ಟಿಬಿಟ್ಟರು.

“ತಪ್ಪು ಕಣ್ಣಿಗೇ ಕಾಣ್ತಲ್ಲಮ್ಮಾ! ಇನ್ನೇನು ಬೇಕು? ದೊಡ್ಡೂರಲ್ಲಿ ಇಂಥವು ಸಾಲಾಗಿ ಕಟ್ಟಾದ್ಮೇಲೆ ಕಂಡಿದ್ರೆ ಏನ್ ಮಾಡ್ತಿದ್ವಿ?”

ಆಮೇಲೆ ಅಲ್ಲಿದ್ದ ಕೂಲಿಯವರಿಗೆಲ್ಲ ಕೇಳುವಂತೆ, “ನೀವು ಕಟ್ಟಿದ್ದು ಸರಿಯಾಗೇ ಇದೆ. ನಾನು ಬರೆದಿದ್ದು ಸರಿಯಿಲ್ಲ,” ಎಂದರು. ಅಧಿಕಾರದಲ್ಲಿರುವ ಒಬ್ಬರು ಹೀಗೆ ಬಯಲಲ್ಲಿ ನಿಂತು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೆ ಕೇಳಿದ್ದೂ ಕಡಿಮೆ.

ಅಲ್ಲಿಂದ ಶುರುವಾಯಿತು ನಮ್ಮ ನಿಜವಾದ ಪ್ರಯೋಗ. ಮುಚ್ಚಿಹೋದ ಬೇಕರಿಯೊಂದರ ಗಾಜಿನ ಶೋಕೇಸನ್ನು ಸಾಹೇಬರು ಎಲ್ಲಿಂದಲೋ ತಂದರು. ಬಿಸ್ಕತ್ತು, ಬೆಣ್ಣೆ ಬನ್ನು ಇಡುತ್ತಿದ್ದ ಪೆಟ್ಟಿಗೆ. ಅದರ ಸಂದುಗಳಿಗೆ ಮೇಣ ತುಂಬಿ, ಕಚೇರಿಯ ಹಿಂದಿನ ವರಾಂಡದಲ್ಲಿ ಇಟ್ಟು, ಒಂದು ಬದಿಗೆ ರಬ್ಬರ್ ಕೊಳವೆ ಸೇರಿಸಿದೆವು. ಚರಂಡಿ ನೀರಿನ ಬದಲು ಬಾವಿ ನೀರಿಗೆ ನೆನೆಸಿದ ಮರದ ಹೊಟ್ಟು ಮತ್ತು ಚೊಗರು. ಗಾಜಿನ ಪಕ್ಕಕ್ಕೆ ಕಣ್ಣಿಟ್ಟರೆ ನೀರು ಎಲ್ಲಿ ಓಡುತ್ತದೆ, ಎಲ್ಲಿ ಸುತ್ತುತ್ತದೆ, ಎಲ್ಲಿ ಹೊಟ್ಟು ಕೂರುತ್ತದೆ, ಎಲ್ಲಿ ಕೂತದ್ದು ಮತ್ತೆ ಏಳುತ್ತದೆ ಎಲ್ಲವೂ ಕಾಣುತ್ತಿತ್ತು. ನಾನು ನೀರನ್ನು ಅದುವರೆಗೂ ನೋಡಿಯೇ ಇರಲಿಲ್ಲವೇನೋ ಅನ್ನಿಸಿತು.

ಕೊಳೆ ಎಷ್ಟು ಹೊತ್ತಿನಲ್ಲಿ ಕೂರುತ್ತದೆ ಎಂದು ನೋಡಲು ಉದ್ದನೆಯ ಗಾಜಿನ ಜಾಡಿಗಳು ಬೇಕಾದವು. ಸಾಹೇಬರ ಮನೆಯಿಂದ ಒಂದೊಂದಾಗಿ ಉಪ್ಪಿನಕಾಯಿ ಜಾಡಿಗಳು ಬರತೊಡಗಿದವು. ಒಮ್ಮೆ ಅವರ ಹೆಂಡತಿಯೇ ಎರಡು ಜಾಡಿ ಹಿಡಿದು ಕಚೇರಿಗೆ ಬಂದರು.

“ತಗಳಮ್ಮ, ಉಳಿದಿದ್ದು ಇವೇ. ಇವರು ವಾಪಸ್ ತಂದ್ಕೊಟ್ರೂ ನಾನಂತೂ ಉಪ್ಪಿನಕಾಯಿ ಹಾಕಲ್ಲ. ಮಾವಿನಕಾಯಿ ಕಾಲಕ್ಕೆ ಪಿಂಗಾಣಿ ಭರಣಿ ಕೊಡಿಸ್ತೀನಿ ಅಂದವ್ರೆ, ನೋಡಾಣ.”

ಬೆಳಗಿನ ನೀರು, ಮಧ್ಯಾಹ್ನದ ನೀರು, ಸಂಜೆಯ ನೀರು ಎಂದು ಜಾಡಿಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಬೂದಿ, ಮಣ್ಣು ಎಲ್ಲಕ್ಕಿಂತ ಮೊದಲು ತಳ ಸೇರುತ್ತಿತ್ತು. ಅದರ ಮೇಲೆ ಸಗಣಿಯ ನಾರು. ಕೊನೆಗೆ ಹತ್ತಿಯಂತೆ ಹಗುರಾದ ಬೂದು ಬಣ್ಣದ ಏನೋ ಒಂದು, ಕೂರಲೋ ಬೇಡವೋ ಎನ್ನುವಂತೆ ನಡುವೆಯೇ ತೇಲುತ್ತಿತ್ತು. ಹಬ್ಬದ ಮರುದಿನದ ನೀರು ಎಣ್ಣೆಯಿಂದಾಗಿ ಬೇರೆ ಥರ. ಸಂತೆಯ ದಿನದ್ದು ಇನ್ನೂ ಬೇರೆ. ನನ್ನ ಕಣ್ಣಿಗೆ ಅದು ಕೊಳಕು ಅನ್ನಿಸುವುದು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ.

ನುಗ್ಗುವ ನೀರನ್ನು ಹರಡಲು ಕೊಳವೆಯ ಮುಂದೆ ತೂತುಗಳ ಗೋಡೆಯೊಂದು ಬೇಕು ಎನ್ನುವುದು ಸಾಹೇಬರ ಯೋಚನೆ. ಗಾಜಿನ ಪೆಟ್ಟಿಗೆಯಲ್ಲಿ ತಗಡಿನ ಹಾಳೆಗೆ ತೂತು ಹೊಡೆದು ನಿಲ್ಲಿಸಿದೆವು. ತೂತು ಸಣ್ಣದಾದರೆ ನೀರು ಪಿಚಕಾರಿಯಂತೆ ಚಿಮ್ಮಿ ಎಲ್ಲವನ್ನೂ ಕಲಕುತ್ತಿತ್ತು. ದೊಡ್ಡದಾದರೆ ಗೋಡೆಯೇ ಇಲ್ಲವೆನ್ನುವಂತೆ ನೆಟ್ಟಗೆ ಹೊರಟುಬಿಡುತ್ತಿತ್ತು. ಹಾಳೆ ಬದಲಿಸಿ ಬದಲಿಸಿ ತಕ್ಕ ತೂತು ಸಿಕ್ಕಿತು. ಆದರೂ ತಳದಲ್ಲಿ ಕೂತ ಹೊಟ್ಟು ಗೋಡೆಯ ಹತ್ತಿರ ಮಾತ್ರ ಪುಸಪುಸನೆ ಮೇಲೇಳುತ್ತಿತ್ತು. ನಾನು ಮೊಣಕಾಲೂರಿ ಅದನ್ನೇ ನೋಡುತ್ತಿದ್ದೆ.

“ಸಾರ್, ಕೆಳಗಿನ ಸಾಲಿನ ತೂತುಗಳನ್ನ ಮುಚ್ಚಿಬಿಟ್ರೆ? ಅಲ್ಲಿಂದ ಬರೋ ನೀರೇ ಕೂತಿದ್ದನ್ನ ಎಬ್ಬಿಸ್ತಾ ಇದೆ.”

ಅವರು ಜೇಬಿನಿಂದ ಮೇಣದ ತುಂಡು ತೆಗೆದು ನನ್ನ ಕೈಗೆ ಕೊಟ್ಟರು. ನಾನೇ ಮುಚ್ಚಿದೆ. ಹೊಟ್ಟು ಕೂತಲ್ಲೇ ಕೂತಿತು.

ದೊಡ್ಡ ತೊಟ್ಟಿಯಲ್ಲಿ ಇಟ್ಟಿಗೆಯ ತೂತುಗೋಡೆ ಕಟ್ಟಿಸಿ, ಮತ್ತೆ ಚೊಗರು ಸುರಿದೆವು. ಈ ಸಲ ಕೆಂಪು ಓಡಲಿಲ್ಲ. ಅಪ್ಪ ಅಂಗಡಿಯಲ್ಲಿ ಸೀರೆ ಬಿಡಿಸಿ ಗಿರಾಕಿಯ ಮುಂದೆ ಹಾಸುವಂತೆ, ತೊಟ್ಟಿಯ ಅಗಲಕ್ಕೂ ಹರಡಿಕೊಂಡು ನಿಧಾನವಾಗಿ ಸರಿಯಿತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡ ಮೇಲೆಯೇ ಮೇಸ್ತ್ರಿ ಕೂಗಿದ್ದು. ಆಷಾಢದ ಗಾಳಿ ಬೀಸತೊಡಗಿದಾಗ ಮೇಲೆ ತೇಲುವ ಎಣ್ಣೆ, ನೊರೆ ಎಲ್ಲ ಆ ತುದಿಗೆ ಹೋಗಿ ತಿಳಿನೀರಿನ ಜೊತೆ ಆಚೆ ಬೀಳುತ್ತಿತ್ತು. ಅದಕ್ಕೆ ಅಂಚಿನ ಮುಂದೆ ಒಂದು ಹಲಗೆಯನ್ನು ಅರ್ಧ ಮುಳುಗುವಂತೆ ಅಡ್ಡ ಕಟ್ಟಿದೆವು. ಎಮ್ಮೆದೊಡ್ಡಿ ಕಡೆಯಿಂದ ದನ ಹೊಡೆದುಕೊಂಡು ಬಂದವನೊಬ್ಬ ನಿಂತು ನೋಡಿದ. ಅವನ ಉದ್ದ ಕೊಂಬಿನ ಹೋರಿ ಆಚೆ ಬೀಳುವ ನೀರನ್ನು ಮೂಸಿ, ಮುಖ ತಿರುಗಿಸಿ ನಡೆಯಿತು.

“ಇನ್ನೂ ಪಾಸಾಗಿಲ್ಲ ನಾವು,” ಎಂದು ಸಾಹೇಬರು ನಕ್ಕರು.

ಪಾಸಾಗಿರಲಿಲ್ಲ ಎನ್ನುವುದು ಬೇಸಿಗೆಯಲ್ಲಿ ಚೆನ್ನಾಗಿಯೇ ಗೊತ್ತಾಯಿತು. ತಳದಲ್ಲಿ ಕೂತ ಗಸಿ ಬಿಸಿಲಿಗೆ ಕೊಳೆತು, ಗುಳ್ಳೆ ಎದ್ದು, ಕಪ್ಪು ಹೆಂಟೆ ಹೆಂಟೆಯಾಗಿ ಮೇಲೆ ತೇಲತೊಡಗಿತು. ಗಬ್ಬು ವಾಸನೆ ಹತ್ತಿರದ ಮನೆಗಳವರೆಗೂ ಹೋಯಿತು. ಜನ ಬಂದು ಬೈದರು. ಬೈಯುವುದರಲ್ಲಿ ನ್ಯಾಯವಿತ್ತು. ಸಾಹೇಬರು ಕೈಮುಗಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಬರುವ ನೀರನ್ನು ಹಳೆಯ ದಾರಿಗೇ ತಿರುಗಿಸಿ, ತೊಟ್ಟಿಯ ಮೇಲಿನ ನೀರನ್ನು ಹೊರಗೆ ಬಿಟ್ಟೆವು. ತಳದಲ್ಲಿ ಉಳಿದದ್ದು ಸೊಂಟ ಹುಗಿಯುವಷ್ಟು ಕರಿಯ ಕೆಸರು.

ಮರುದಿನ ಬೆಳಿಗ್ಗೆ ಪೌರ ಕಾರ್ಮಿಕರು ಬಕೆಟ್ಟು, ಹಗ್ಗ ಹಿಡಿದು ಬಂದು ನಿಂತಿದ್ದರು. ಅವರಲ್ಲಿ ಹಿರಿಯನೊಬ್ಬ ಅಂಗಿ ಬಿಚ್ಚಿ ಪಂಚೆ ಎತ್ತಿ ಕಟ್ಟುತ್ತಿದ್ದ. ಸಾಹೇಬರು ಅವನ ತೋಳು ಹಿಡಿದುಕೊಂಡರು.

“ಯಾರೂ ಇಳೀಬೇಡಿ.”

“ಬಿಡಿ ಸ್ವಾಮಿ, ಮಧ್ಯಾಹ್ನದೊಳ್ಗೆ ಮುಗಿಸ್ತೀವಿ. ನಮ್ಗೇನ್ ಇದು ಹೊಸದಾ?”

“ಹೊಸದಲ್ಲ ಅಂತ್ಲೇ ಬೇಡ ಅಂತಿರೋದು ಕಣಯ್ಯಾ. ನಾನು ಮಾಡಿದ ತೊಟ್ಟಿಗೆ ಮನುಷ್ಯ ಇಳೀಬೇಕು ಅಂದ್ರೆ ನನ್ನ ನಕ್ಷೆ ತಪ್ಪು ಅಂತ. ನಕ್ಷೆ ತಿದ್ತೀನಿ. ನೀವು ಇಳೀಬೇಡಿ.”

“ಮತ್ತೆ ಇದು?”

“ಒಣಗ್ಲಿ.”

ಒಣಗಲು ಬಿಟ್ಟರು. ಬೇಸಿಗೆಯಾದರೂ ಅದೇನು ಒಂದೆರಡು ದಿನಕ್ಕೆ ಒಣಗುವಂಥದ್ದಲ್ಲ. ವಾಸನೆ ಸಾಯಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಎದುರಿಗೇ ಕೇಳಿದರು: “ಇಳಿಯೋರು ಇದಾರೆ, ಇಳಿಸಿ ತೆಗೆಸೋಕೆ ನಿಮ್ಗೇನ್ರೀ ಕಷ್ಟ?” ಸಾಹೇಬರು ಸಿಟ್ಟಾದದ್ದನ್ನು ನಾನು ನೋಡಿದ್ದು ಅವತ್ತೊಂದು ದಿನವೇ. ಕೊಡೆಯ ಹಿಡಿಯ ಮೇಲೆ ಅವರ ಬೆರಳುಗಳು ಬೆಳ್ಳಗಾಗಿದ್ದವು. ಕೊನೆಗೆ ಕೆಸರು ಕೆರೆಯಂಗಳದಂತೆ ಬಿರುಕುಬಿಟ್ಟ ಮೇಲೆ, ಒಣ ಹೆಂಟೆಗಳನ್ನು ಗುದ್ದಲಿಯಿಂದ ಒಡೆದು ಬುಟ್ಟಿಯಲ್ಲಿ ಎತ್ತಿದರು.

ಗಸಿ ಕೊಳೆಯುವ ಮೊದಲೇ, ನೀರು ತುಂಬಿರುವಾಗಲೇ, ಯಾರೂ ಒಳಗೆ ಇಳಿಯದೆ ಅದು ತಾನಾಗಿ ಹೊರಗೆ ಬರಬೇಕು. ಮುಂದಿನ ಮಳೆಗಾಲವೆಲ್ಲ ನಮ್ಮ ತಲೆಯಲ್ಲಿದ್ದದ್ದು ಅದೊಂದೇ. ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ತಗಡಿನ ಗೂಡು ಇರುತ್ತದಲ್ಲ, ಮೇಲೆ ಅಗಲ, ಕೆಳಗೆ ಕಿರಿದು. ತೊಟ್ಟಿಯ ತಳದಲ್ಲಿ ಅಂಥ ಗುಂಡಿ ಮಾಡಿ, ಅದರ ಬುಡದಿಂದ ಒಂದು ಕೊಳವೆಯನ್ನು ಇಳಿಜಾರಿನ ಕಡೆಗೆ ಹೊರಗೆ ತಂದು, ನಲ್ಲಿಯಂತೆ ಬಿಟ್ಟು ಮುಚ್ಚುವ ತಿರುಪು ಕೂರಿಸಬೇಕು. ತಿರುಪು ಬಿಟ್ಟರೆ ಮೇಲಿರುವ ನೀರಿನ ಭಾರವೇ ಗಸಿಯನ್ನು ತಳ್ಳಬೇಕು. ಮೊದಲ ಸಲ ಗುಂಡಿಯ ಬದಿಗಳನ್ನು ಸುಮಾರಾಗಿ ಇಳಿಜಾರು ಮಾಡಿದೆವು. ತಿರುಪು ಬಿಟ್ಟಾಗ ಸ್ವಲ್ಪ ಕರಿಯ ಗಸಿ ಬಂತು, ಆಮೇಲೆ ಬರಿಯ ನೀರು. ಗಸಿ ಬದಿಗೆ ಅಂಟಿಕೊಂಡು, ನಡುವೆ ಇಲಿಬಿಲದಂಥ ತೂತಾಗಿ ನೀರಷ್ಟೇ ಇಳಿಯುತ್ತಿತ್ತು. ಮತ್ತೆ ಗಾಜಿನ ಪೆಟ್ಟಿಗೆ, ಮತ್ತೆ ತಗಡು, ಈ ಸಲ ಹೊಟ್ಟಿನ ಬದಲು ನಿಜವಾದ ಗಸಿಯೇ. ಬದಿ ಕಡಿದಾದಷ್ಟೂ ಜಾರುತ್ತದೆ ಎಂದು ಕಂಡಿತು.

“ಇಷ್ಟು ಕಡಿದಾದ್ರೆ ಗಾರೆ ನಿಲ್ಲಲ್ಲ ಸಾರ್,” ಎಂದ ಮೇಸ್ತ್ರಿ.

“ನಿಲ್ಲಿಸಪ್ಪಾ. ಕನ್ನಡಿ ಹಂಗೆ ನುಣ್ಣಗೆ ಬೇರೆ ಆಗ್ಬೇಕು.”

ಅವನು ಗೊಣಗಿಕೊಂಡೇ ನಿಲ್ಲಿಸಿದ. ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿದು, ಕೊನೆಗೆ ಕರಣೆಯ ಬೆನ್ನಿನಿಂದ ತಿಕ್ಕಿ ತಿಕ್ಕಿ ಹೊಳಪು ತಂದ. ತೊಟ್ಟಿ ಮತ್ತೆ ತುಂಬಿತು. ಗಸಿ ಕೂರಲು ಬಿಟ್ಟು, ಒಂದು ಬೆಳಿಗ್ಗೆ ಎಲ್ಲರೂ ಸೇರಿದೆವು. ತಿರುಪು ಬಿಡಲು ಸಾಹೇಬರು ಆ ಹಿರಿಯ ಪೌರ ಕಾರ್ಮಿಕನನ್ನೇ ಕರೆದರು. ಅವನು ಎರಡೂ ಕೈಯಿಂದ ತಿರುಗಿಸಿದ. ಕೊಳವೆ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ, ಆಮೇಲೆ ಗಟ್ಟಿ ಗಂಜಿಯಂತೆ ಕರಿಯ ಗಸಿ, ಅದನ್ನು ಒಣಗಿಸಲೆಂದು ಕೆಳಗೆ ಮಾಡಿದ್ದ ಮರಳಿನ ಮಡಿಯ ಮೇಲೆ ಬೀಳತೊಡಗಿತು. ನಿಲ್ಲಲಿಲ್ಲ. ಬರುತ್ತಲೇ ಇತ್ತು. ಅವನು ತಿರುಪು ಮುಚ್ಚಿದ, ನಿಂತಿತು. ಬಿಟ್ಟ, ಬಂತು. ಮತ್ತೆ ಮುಚ್ಚಿ ಮತ್ತೆ ಬಿಟ್ಟು ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟ.

“ನೀರಿನ ಕೈಲೇ ಹೇಲು ಹೊರಿಸ್ಬಿಟ್ರಲ್ಲ ಸ್ವಾಮಿ!”

ಎಲ್ಲರೂ ನಕ್ಕರು. ಸಾಹೇಬರು ನಗುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

ಆದರೆ ನೀರು ತಿಳಿಯಾದದ್ದು ಎಲ್ಲರಿಗೂ ಸಂತೋಷ ತರಲಿಲ್ಲ. ಹಳ್ಳದ ಕೆಳಗೆ ಜಮೀನಿದ್ದ ಹೆಂಗಸೊಬ್ಬರು ಒಂದು ಮಧ್ಯಾಹ್ನ ಸೆರಗು ಸೊಂಟಕ್ಕೆ ಬಿಗಿದುಕೊಂಡು ದಂಡೆ ಹತ್ತಿ ಬಂದರು. ಗಂಡ ಸತ್ತ ಮೇಲೆ ತಾವೇ ನೇಗಿಲು ಹೂಡಿಸಿ ಬೇಸಾಯ ಮಾಡಿಸುತ್ತಿದ್ದ ಗಟ್ಟಿ ಜೀವ.

“ಏನ್ರೀ ಸಾಹೇಬ್ರೇ, ಏನ್ ಮಾಡ್ತಾ ಇದೀರಿ ನೀವು? ಮೊದ್ಲು ಈ ನೀರ್ ಹಾಯಿಸಿದ್ರೆ ಜೋಳ ಆಳುದ್ದ ಬರ್ತಿತ್ತು. ಈಗ ನೀರಲ್ಲಿ ಸತ್ವನೇ ಇಲ್ಲ. ಎಲ್ಲಾ ನೀವೇ ಹಿಡ್ಕಂಡ್ಬಿಟ್ರೆ ನಾವೇನ್ ಮಣ್ ತಿನ್ನಾಣಾ?”

ನನಗೆ ನಗು ಬಂತು. ಸಾಹೇಬರು ನಗಲಿಲ್ಲ. ಆಕೆಯನ್ನು ಮರಳಿನ ಮಡಿಗಳ ಹತ್ತಿರ ಕರೆದುಕೊಂಡು ಹೋಗಿ, ಒಣಗಿದ ಗಸಿಯ ಹೆಂಟೆಯೊಂದನ್ನು ಎತ್ತಿ ಅಂಗೈಯಲ್ಲಿ ಪುಡಿಮಾಡಿ ತೋರಿಸಿದರು.

“ನಿಮ್ಮ ಸತ್ವ ಇಲ್ಲೇ ಇದೆ ತಾಯಿ, ಎಲ್ಲೂ ಹೋಗಿಲ್ಲ. ಗಾಡಿ ಹೊಡ್ಕಂಡ್ ಬಂದು ತಗಂಡು ಹೋಗಿ. ಗುಂಡೀಲಿ ಹಾಕಿ ಚೆನ್ನಾಗಿ ಕಳೀಲಿ, ಆಮೇಲೆ ಹೊಲಕ್ಕೆ ಚೆಲ್ಲಿ. ಆದ್ರೆ ಸೊಪ್ಪಿನ ಮಡಿಗೆ ಮಾತ್ರ ಹಾಕ್ಬೇಡಿ, ಈ ನೀರೂ ಅದಕ್ಕೆ ಬೇಡ. ಹಸೀದು ತಿನ್ನೋ ಮಕ್ಕಳಿಗೆ ಜಂತು ಆಗ್ತದೆ.”

ಆಕೆ ಪುಡಿಯನ್ನು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿದರು.

“ವಾಸ್ನೆ ಇಲ್ವಲ್ಲ!” ಎಂದರು, ಬೈದ ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. ಆ ವಾರವೇ ಗಾಡಿ ಬಂತು. ಮುಂದಿನ ವರ್ಷ ಅವರ ತೆನೆಗಳ ಕಟ್ಟೊಂದು ನಮ್ಮ ಕಚೇರಿಯ ಬಾಗಿಲಿಗೆ ಬಂತು. ಕೆಳಗಿನ ಬೇರೆ ರೈತರೂ ಗಾಡಿ ಹೂಡತೊಡಗಿ, ಹೆಂಟೆಗೆ ಜಗಳವೇ ಶುರುವಾಯಿತು.

ಅವ್ವ ಕಡೂರಿಗೆ ಬಂದದ್ದು ಆ ದಿನಗಳಲ್ಲೇ. ನೆಂಟರ ಮದುವೆಗೆಂದು ಬಂದವಳು, ನಾನು ಕರೆಯದೆಯೇ ದೊಡ್ಡವ್ವನ ಜೊತೆ ತೊಟ್ಟಿಯ ಹತ್ತಿರ ಬಂದುಬಿಟ್ಟಳು. ಅಷ್ಟು ದಿನವೂ ನಾನು ಊರಿಗೆ ಹೋದರೆ ಸ್ನಾನ ಮಾಡದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ ಅವಳು. ಸಾಹೇಬರು ಅವಳನ್ನು ನೋಡಿ ಕೈಮುಗಿದರು.

“ರಾಗಿ ನೆನೆಸಿ ರುಬ್ಬಿ ಹಾಲು ತೆಗೆದ್ಮೇಲೆ ಏನ್ ಮಾಡ್ತೀರಿ ತಾಯಿ?”

ಅವ್ವ ಅನುಮಾನದಿಂದಲೇ ಹೇಳಿದಳು. “ಅಲುಗಾಡಿಸ್ದೆ ಇಡ್ತೀವಿ. ಗಟ್ಟಿ ಕೆಳಗೆ ಕೂತ್ಕಂತದೆ, ಮ್ಯಾಲಿನ ನೀರು ಬಗ್ಗಿಸ್ತೀವಿ.”

“ನಿಮ್ಮ ಮಗಳು ಊರಿಗೆ ಊರಿನದನ್ನೇ ಹಂಗೆ ಮಾಡ್ತಾಳೆ. ನಿಮ್ಮ ಪಾತ್ರೇಲಿ ನೀರು ನಿಂತಿರ್ತದೆ. ಇಲ್ಲಿ ನೀರು ಹರೀತಾನೇ ಇರ್ಬೇಕು, ಗಸಿಗೆ ಮಾತ್ರ ನಿಂತಂಗೆ ಅನ್ನಿಸ್ಬೇಕು. ಅದಕ್ಕೇ ಇಷ್ಟು ವರ್ಷ ಹಿಡೀತು.”

“ಅಯ್ಯೋ, ಅಡುಗೆ ಮನೆ ಮಾತು ಇಲ್ಲಿ ಆಡ್ಬೇಡಿ ಸ್ವಾಮಿ!” ಎಂದು ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆದರೆ ತೊಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದಳು. ತೂತುಗೋಡೆಯ ಮೇಲೆ ಬಗ್ಗಿ, ಇದು ಯಾಕೆ ಎಂದು ಕೇಳಿದಳು. ನಾನು ಹೇಳಿದೆ. ಅದಾದ ಮೇಲೆ ಊರಿನಲ್ಲಿ ಯಾರಾದರೂ ಮೋರಿ ಕೆಲಸ ಎಂದರೆ, “ನಿಮ್ಮನೇದೂ ಸೇರೇ ಅಲ್ವಾ ಮೋರಿಗೆ ಹೋಗೋದು?” ಎಂದು ಬಾಯಿ ಮುಚ್ಚಿಸುತ್ತಿದ್ದಳಂತೆ. ಅಪ್ಪನೇ ಹೇಳಿದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡ ಊರಿನ ಯೋಜನೆಗೆ ಜೀವ ಬಂತು. ಮೇಲಿನ ಕಚೇರಿಯ ಹಿರಿಯ ಎಂಜಿನಿಯರೊಬ್ಬರು ನಮ್ಮ ತೊಟ್ಟಿ ನೋಡಲು ಬಂದರು. ಬಂದವರು ನನ್ನ ಕಡೆ ತಿರುಗಿಯೂ ನೋಡದೆ ಎಲ್ಲ ಪ್ರಶ್ನೆಗಳನ್ನೂ ಸಾಹೇಬರಿಗೇ ಕೇಳುತ್ತಿದ್ದರು. ನಾನು ನಕ್ಷೆಗಳ ಸುರುಳಿ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದೆ. ತೂತುಗೋಡೆಯ ಹತ್ತಿರ ಅವರು ನಿಂತರು.

“ಕೆಳಗಿನ ಸಾಲುಗಳಲ್ಲಿ ತೂತು ಯಾಕೆ ಬಿಟ್ಟಿಲ್ಲ? ಪುಸ್ತಕದಲ್ಲಿ ಹೀಗಿಲ್ಲವಲ್ಲ.”

ಸಾಹೇಬರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

“ಅದನ್ನ ಇವರೇ ಹೇಳ್ಬೇಕು ಸಾರ್. ಆ ಗೋಡೆ ಇವರದ್ದು.”

ಮೊದಲ ಎರಡು ಮಾತು ತೊದಲಿದೆ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕಂಡದ್ದು ಕಣ್ಣಮುಂದೆ ಬಂತು, ಕಂಡದ್ದನ್ನು ಹೇಳುತ್ತ ಹೋದೆ. ಹಿರಿಯರು ಮಧ್ಯೆ ಮಧ್ಯೆ ತಡೆದು ಕೇಳಿದರು, ಒಂದೆರಡು ಕಡೆ ವಾದವನ್ನೂ ಮಾಡಿದರು. ಕೊನೆಗೆ ಆ ನಕ್ಷೆಯ ಒಂದು ಪ್ರತಿ ಬೇಕೆಂದು ನನ್ನನ್ನೇ ಕೇಳಿದರು. ಜೀಪು ಹೋದ ಮೇಲೆ ನಾನು ಸಾಹೇಬರಿಗೆ ಏನಾದರೂ ಹೇಳಬೇಕೆಂದುಕೊಂಡೆ. ಅವರು ಆಗಲೇ ತಿರುಪಿನಲ್ಲಿ ನೀರು ಸೋರುತ್ತಿದೆಯೆಂದು ಅದರ ಹತ್ತಿರ ಹೋಗಿದ್ದರು.

ದೊಡ್ಡ ಊರಿನ ಘಟಕಕ್ಕೆ ನನ್ನನ್ನು ವರ್ಗ ಮಾಡಿದರು. ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು, ಅಲ್ಲಿಂದಲೇ ನಿವೃತ್ತರಾಗಿ ತರೀಕೆರೆಗೆ ಹಿಂದಿರುಗಿದರು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ನನ್ನನ್ನು ನೋಡಲು ಬಂದ ಹೈಸ್ಕೂಲು ಮೇಷ್ಟರು, ನನ್ನ ಕೆಲಸ ಕೇಳಿ ಮುಖ ಸಿಂಡರಿಸದೆ, ಗಸಿ ಯಾಕೆ ತೇಲುತ್ತದೆ ಎಂದು ಕೇಳಿದ್ದರು. ಅಲ್ಲಿಗೆ ನಾನು ಒಪ್ಪಿಬಿಟ್ಟೆ.

ಹೊಸ ಘಟಕದ ತೊಟ್ಟಿಗಳು ಕಡೂರಿನದಕ್ಕಿಂತ ಎಷ್ಟೋ ದೊಡ್ಡವು. ಆದರೆ ನೀರು ಬರುವ ಕಡೆ ಅದೇ ಬಗೆಯ ತೂತುಗೋಡೆ, ತಳದಲ್ಲಿ ಅದೇ ಕಡಿದಾದ ಗುಂಡಿಗಳು. ಕೆಲಸಕ್ಕೆ ಬಂದ ಹೊಸಬರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ತಿರುಪು ಕಟ್ಟಿಕೊಂಡರೆ ನನ್ನನ್ನು ಕರೆಯಿರಿ, ನೀವು ಇಳಿಯಬೇಡಿ. ಕೊಳವೆ ಕಟ್ಟಿಕೊಂಡು ದಿನಗಟ್ಟಲೆ ಒದ್ದಾಡಿದ್ದೂ ಉಂಟು. ನಾನು ಅಲ್ಲಿದ್ದಷ್ಟು ಕಾಲ ಯಾರೂ ಇಳಿಯಲಿಲ್ಲ.

ಘಟಕ ಶುರುವಾದ ಮೇಲೆ ಒಂದು ದಿನ ಸಾಹೇಬರು ಹೆಂಡತಿಯೊಡನೆ ನೋಡಲು ಬಂದರು. ಹಾರ ತರಿಸಿದ್ದೆ, ಹಾಕಲು ಬಿಡಲಿಲ್ಲ. ತೊಟ್ಟಿಗಳ ಸುತ್ತ ನಿಧಾನವಾಗಿ ನಡೆದರು. ಒಂದು ಕಡೆ ಅಂಚು ಸಮವಾಗಿಲ್ಲದೆ ನೀರು ಒಂದೇ ಬದಿಗೆ ಹೆಚ್ಚು ಬೀಳುತ್ತಿದ್ದುದನ್ನು ತೋರಿಸಿದರು, ನಾವ್ಯಾರೂ ಗಮನಿಸಿರಲಿಲ್ಲ. ಮಧ್ಯಾಹ್ನ ಕೆಲಸಗಾರರ ಜೊತೆ ನೆರಳಲ್ಲಿ ಕೂತು ಮಂಡಕ್ಕಿ ತಿಂದರು, ತಿರುಪು ಬಿಡುವ ಹುಡುಗರ ಊರು, ಮನೆ ಎಲ್ಲ ವಿಚಾರಿಸಿದರು. ಅವರ ಹೆಂಡತಿ ಮಾತ್ರ ತೊಟ್ಟಿಯ ದಂಡೆಯಲ್ಲೇ ನಿಂತು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು.

“ಇವರು ಮನೇಲಿ ಹೇಳ್ತಿದ್ದದ್ದು ಇದನ್ನೇನಮ್ಮ?” ಎಂದು ನನ್ನನ್ನು ಕೇಳಿದರು.

“ಹೌದಮ್ಮ.”

“ನಾನು ಇಷ್ಟು ದೊಡ್ಡದು ಅಂದ್ಕಂಡೇ ಇರ್ಲಿಲ್ಲ ಕಣೇ,” ಎಂದು, ಗಂಡ ಕೂತಿದ್ದ ಕಡೆ ತಿರುಗಿ ನೋಡಿದರು. ಅವರು ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದರು. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ನಾನೇ ಹೋಗಿ ಎಬ್ಬಿಸಬೇಕಾಯಿತು.